ತೂತು ಮುಚ್ಚಿದವನ ಹೊಣೆ

ಒಬ್ಬನು ಒಂದು ಹಳೆಯ ವಸ್ತುವನ್ನು ಕೊಂಡು, ತನ್ನ ಕೈಯಾರೆ ದುರಸ್ತು ಮಾಡಿ, ತನ್ನ ಹೆಂಡತಿಮಕ್ಕಳನ್ನು ಅದರಲ್ಲಿ ಕುಳ್ಳಿರಿಸುತ್ತಾನೆ ಎಂದಿಟ್ಟುಕೊಳ್ಳಿರಿ. ಅದು ಎತ್ತಿನ ಗಾಡಿಯಾಗಿದ್ದರೆ ಚಕ್ರ ಕಳಚಿದರೂ ಇಳಿದು ನಡೆಯಬಹುದು. ಮನೆಯ ಮಾಡಾಗಿದ್ದರೆ ಸೋರುವಲ್ಲಿ ಪಾತ್ರೆ ಇಟ್ಟು ರಾತ್ರಿ ಕಳೆಯಬಹುದು. ಆದರೆ ದೋಣಿಯಾಗಿದ್ದರೆ ನಡುನೀರಿನಲ್ಲಿ ಇಳಿದು ನಡೆಯುವದಕ್ಕೆ ದಾರಿ ಎಲ್ಲಿ? ಆದದರಿಂದ ನಾವು ಈ ಸಾರಿ ಆಲೋಚಿಸಬೇಕೆಂದಿರುವ ಪ್ರಶ್ನೆ ಇದು: ಹಳೆಯದನ್ನು ಸರಿಪಡಿಸಿದವನು ಅದರ ವಿಷಯದಲ್ಲಿ ಎಷ್ಟರ ಮಟ್ಟಿಗೆ ಉತ್ತರ ಕೊಡತಕ್ಕವನು? “ಅದು ಮುಂಚೆಯೇ ಹಾಳಾಗಿತ್ತು, ನಾನು ನನ್ನಿಂದಾದಷ್ಟು ಮಾಡಿದೆನು” ಎಂಬ ಮಾತು ಅವನಿಗೆ ನೆವವಾಗುವದೋ?

ಈ ಪ್ರಶ್ನೆ ನಮಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನಮ್ಮ ಪತ್ನಿಯ ಅಣ್ಣಂದಿರು ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ ಸಂಸಾರ ಹೂಡಿಕೊಂಡಿದ್ದಾರೆ. ಅದು ಕೆರೆಗಳ ನಾಡು. ಹತ್ತು ಎಕರೆಗೆ ಕಡಿಮೆಯಾಗದ ಕೆರೆಗಳೇ ಅಲ್ಲಿ 11,842 ಇವೆಯೆಂದು ಅಲ್ಲಿಯ ಸರಕಾರದ ಲೆಕ್ಕ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಅದರ ಮೇಲೆ ವಾಹನಗಳು ಓಡಾಡುತ್ತವೆ. ಬೇಸಿಗೆ ಬಂದಿತೆಂದರೆ ಮನೆಮನೆಯವರೂ ಗಾಳ ಹಿಡಿದು ನೀರಿಗಿಳಿಯುತ್ತಾರೆ. ಭಾವನವರು ಉಡುಪಿಯ ಕಡಲಕರೆಯಲ್ಲಿ ಬೆಳೆದವರು. ನೀರು ಕಂಡು ಸುಮ್ಮನಿರುವ ಸ್ವಭಾವ ಅವರದಲ್ಲ. ಹೊಸ ದೋಣಿಗೆ ಕೈಯಲ್ಲಿ ಹಣ ಸಾಲದೆ, ಒಂದು ಮನೆಯ ಹಿತ್ತಲಿನಲ್ಲಿ ಹುಲ್ಲಿನ ನಡುವೆ ಬಿದ್ದುಕೊಂಡಿದ್ದ 14 ಅಡಿಯ ಅಲ್ಯೂಮಿನಿಯಮ್ ದೋಣಿಯೊಂದನ್ನು ಅಗ್ಗದಲ್ಲಿ ಕೊಂಡರು. ಅದು 1962ರಲ್ಲಿ ಮಾಡಿದ್ದಂತೆ, ಅಂದರೆ ಭಾವನವರಿಗಿಂತಲೂ ಹಿರಿಯದು.

ನಮ್ಮ ವಾಚಕರಲ್ಲಿ ಅನೇಕರು ಅಲ್ಯೂಮಿನಿಯಮನ್ನು ಅಡಿಗೆಮನೆಯಲ್ಲಿ ಮಾತ್ರ ಕಂಡಿರಬಹುದು. ಇದು ದೋಣಿಯಾದ ಕಥೆ ಸ್ವಾರಸ್ಯವಾದದ್ದು. 1886ನೇ ಇಸವಿಯ ವರೆಗೆ ಈ ಲೋಹವು ಬಹು ದುಬಾರಿಯಾಗಿತ್ತು. ಆ ವರುಷ ಅಮೆರಿಕದ ಹಾಲ್ ಎಂಬವನೂ ಫ್ರಾನ್ಸಿನ ಎರೂ ಎಂಬವನೂ, ಒಬ್ಬರನ್ನೊಬ್ಬರು ಅರಿಯದೆ, ವಿದ್ಯುಚ್ಛಕ್ತಿಯಿಂದ ಅದನ್ನು ಬೇರ್ಪಡಿಸುವ ಒಂದೇ ವಿಧಾನವನ್ನು ಕಂಡುಕೊಂಡರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಈ ತಗಡಿನಿಂದ ವಿಮಾನಗಳನ್ನು ಕಟ್ಟುವ ವಿದ್ಯೆ ಬಲಿತಿತು. 1944ರಲ್ಲಿ ಗ್ರಮ್ಮನ್ ಎಂಬ ವಿಮಾನದ ಕಂಪೆನಿಯ ಉಪಾಧ್ಯಕ್ಷನಾದ ವಿಲಿಯಮ್ ಹಾಫ್‌ಮನ್ ಎಂಬವನು ನ್ಯೂಯಾರ್ಕ್ ಸಂಸ್ಥಾನದ ಬೆಟ್ಟಸೀಮೆಗೆ ಹೋಗಿ, ಮರ ಮತ್ತು ಕಿತ್ತಾನಿನ ಭಾರವಾದ ದೋಣಿಯನ್ನು ಹೊತ್ತು ಹೊತ್ತು ದಣಿದು, ವಿಮಾನದ ತಗಡಿನಿಂದಲೇ ದೋಣಿಯನ್ನು ಯಾಕೆ ಮಾಡಬಾರದು ಎಂದು ಯೋಚಿಸಿದನು. ಮಾರನೆಯ ವರುಷ ಯುದ್ಧ ಮುಗಿಯಿತು, ದೋಣಿಗಳು ಹೊರಟವು. ಮಿನೆಸೋಟದಲ್ಲಿಯೂ 1946ರಲ್ಲಿ ಅಲ್ಯೂಮಕ್ರಾಫ್ಟ್, 1948ರಲ್ಲಿ ಲುಂಡ್ ಎಂಬ ಕಂಪೆನಿಗಳು ಹುಟ್ಟಿಕೊಂಡವು. ವಿಮಾನದ ರೆಕ್ಕೆಗೆ ರಿವೆಟ್ಟು ಹೊಡೆಯುವ ಕಸಬು ಮೀನಿನ ದೋಣಿಗೆ ಒದಗಿತು. ಯುದ್ಧವು ಬಿಟ್ಟುಹೋದವುಗಳಲ್ಲಿ ಮಕ್ಕಳ ಕೈಗೆ ಕೊಡಬಹುದಾದದ್ದು ಬಹು ಸ್ವಲ್ಪವೇ. ಇದು ಅವುಗಳಲ್ಲೊಂದು ಎಂದು ನಮಗೆ ತೋರುತ್ತದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಭಾವನವರಿಗೆ ಮಾರಿದವನು ದೋಣಿಗೆ ಹೊಸದಾಗಿ ಹಸುರು ಬಣ್ಣ ಹೊಡೆದಿಟ್ಟಿದ್ದನು. “ಸೋರುವದೋ?” ಎಂದು ಕೇಳಿದ್ದಕ್ಕೆ, “ಸ್ವಲ್ಪ, ಹಳೆಯ ದೋಣಿಗಳೆಲ್ಲಾ ಸೋರುತ್ತವೆ” ಅಂದನಂತೆ. ಈ ಉತ್ತರವು ಸುಳ್ಳಲ್ಲ. ಆದರೆ ಸತ್ಯವೋ? ಇದನ್ನು ಆಮೇಲೆ ನೋಡುವೆವು.

ಇಂಥ ದೋಣಿಯ ಸೋರಿಕೆಯನ್ನು ಕಂಡುಹಿಡಿಯುವ ಕ್ರಮ ವಿಚಿತ್ರವಾದದ್ದು. ನಾವಾದರೆ ದೋಣಿಯನ್ನು ನೀರಿಗೆ ಬಿಟ್ಟು ನೀರು ಎಲ್ಲಿ ಒಳಗೆ ಬರುವದೆಂದು ಹುಡುಕಿಯೇವು. ಅದರಿಂದ ಉಪಯೋಗ ಕಡಿಮೆ. ಯಾಕಂದರೆ ಒಳಗೆ ಬಂದ ನೀರು ತಳದಲ್ಲೆಲ್ಲಾ ಹರಡಿಕೊಂಡು ತಾನು ಬಂದ ದಾರಿಯನ್ನು ಮುಚ್ಚಿಬಿಡುತ್ತದೆ. ಅಲ್ಲಿಯವರು ದೋಣಿಯನ್ನು ಒಣ ನೆಲದ ಮೇಲೆ, ಹೊಟ್ಟೆಗೆ ಚೆನ್ನಾಗಿ ಆಸರೆ ಕೊಟ್ಟು ನಿಲ್ಲಿಸಿ, ಒಳಗೆ ಕೆಲವು ಅಂಗುಲ ನೀರು ತುಂಬಿಸಿ, ತಾವು ಅಡಿಯಲ್ಲಿ ನುಸುಳಿ ಹೊರಗೆ ಎಲ್ಲಿ ಹನಿಯುವದೆಂದು ನೋಡುತ್ತಾರೆ. ಭಾವನವರ ಹದಿನಾಲ್ಕು ವರುಷದ ಮಗಳೂ ಒಂಭತ್ತು ವರುಷದ ಮಗನೂ ಸೀಮೆಸುಣ್ಣದ ಕಡ್ಡಿ ಹಿಡಿದು ದೋಣಿಯ ಕೆಳಗೆ ಅಂಗಾತ ಮಲಗಿ, ಹನಿ ಕಂಡಲ್ಲೆಲ್ಲಾ ಸುತ್ತು ಬರೆದರಂತೆ. ಇಪ್ಪತ್ತಮೂರು ಸುತ್ತುಗಳಾದವು. ಮಾರಿದವನ “ಸ್ವಲ್ಪ” ಎಂಬ ಮಾತು ಅಷ್ಟು ದೊಡ್ಡದಾಗಿತ್ತು.

ಸೋರಿಕೆಯು ಬಹುಮಟ್ಟಿಗೆ ರಿವೆಟ್ಟುಗಳಿಂದ. ತಗಡುಗಳನ್ನು ಒಂದಕ್ಕೊಂದು ಕಚ್ಚಿ ಹಿಡಿಯುವ ಈ ಮೊಳೆಗಳು ಅಲೆಯ ಹೊಡೆತಕ್ಕೂ ಇಂಜಿನಿನ ನಡುಕಕ್ಕೂ ವರುಷಗಳು ಕಳೆದಂತೆ ಸಡಿಲವಾಗುತ್ತವೆ. ಅವುಗಳನ್ನು ಬಿಗಿ ಮಾಡುವ ಕೆಲಸ ಒಬ್ಬನಿಂದ ಆಗತಕ್ಕದ್ದಲ್ಲ. ಒಬ್ಬನು ಮೊಳೆಯ ಒಂದು ತುದಿಗೆ ಭಾರವಾದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬನು ಮತ್ತೊಂದು ತುದಿಗೆ ಸುತ್ತಿಗೆಯಿಂದ ಹೊಡೆಯಬೇಕು. ಹಿಡಿದವನು ಸ್ವಲ್ಪ ಸಡಿಲ ಬಿಟ್ಟರೂ ಹೊಡೆತವು ಮೊಳೆಯನ್ನು ಬಿಗಿಯುವದಕ್ಕೆ ಬದಲಾಗಿ ತಗಡನ್ನು ತಗ್ಗಿಸುತ್ತದೆ. ನಡುವೆ ತಗಡು ಇರುವದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವದಿಲ್ಲ. ನಮ್ಮ ಅತ್ತಿಗೆಯವರು ಎರಡು ಭಾನುವಾರಗಳ ಮಧ್ಯಾಹ್ನ ಗಟ್ಟಿ ಹಿಡಿದು ಕೂತು, “ನಿಮ್ಮಣ್ಣ ನನ್ನ ಮಾತು ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು” ಎಂದು ನಮ್ಮ ಮನೆಯಾಕೆಗೆ ಹೇಳಿದರು.

ಮೊಳೆಗಳಿಗಿಂತ ಕಷ್ಟವಾದದ್ದು ಬಿರುಕು. ಕಬ್ಬಿಣ ಉಕ್ಕುಗಳಿಗೆ ಒಂದು ಮಿತಿ ಉಂಟು. ಆ ಮಿತಿಗಿಂತ ಸಣ್ಣದಾಗಿ ಎಷ್ಟು ಸಾರಿ ಬಗ್ಗಿಸಿದರೂ ಅವು ಸಹಿಸುತ್ತವೆ. ಅಲ್ಯೂಮಿನಿಯಮಿಗೆ ಹಾಗೆ ಖಂಡಿತವಾದ ಮಿತಿ ಇಲ್ಲವೆಂದು ಲೋಹಶಾಸ್ತ್ರಜ್ಞರು ಹೇಳುತ್ತಾರೆ. ಚಿಕ್ಕ ಚಿಕ್ಕ ಅಲುಗಾಟಗಳೂ ಅದರಲ್ಲಿ ಜಮೆಯಾಗುತ್ತಾ ಹೋಗಿ, ಒಂದಾನೊಂದು ದಿನ ಕೂದಲೆಳೆಯಂಥ ಸೀಳು ಕಾಣಿಸಿಕೊಳ್ಳುತ್ತದೆ. ಆ ಸೀಳನ್ನು ತಡೆಯುವದು ಹೇಗೆ? ಅದರ ತುದಿಯಲ್ಲಿಯೇ ಸಣ್ಣದೊಂದು ದುಂಡು ತೂತು ಕೊರೆಯುತ್ತಾರೆ! ಚೂಪಾದ ತುದಿಯಲ್ಲಿ ಕೂಡಿಕೊಂಡ ಎಳೆತವು ದುಂಡು ಅಂಚಿನಲ್ಲಿ ಹರಡಿಹೋಗುವದರಿಂದ ಸೀಳು ಮುಂದುವರಿಯುವದಿಲ್ಲ. ಬಳಿಕ ಮೇಲೊಂದು ತೇಪೆ ತಗಡಿಟ್ಟು ಮೊಳೆ ಹೊಡೆಯುತ್ತಾರೆ. ದೋಣಿಗೆ ತೂತು ಕೊರೆದು ದೋಣಿಯನ್ನು ಉಳಿಸುವದು ತಿಳಿಯದವನಿಗೆ ಹುಚ್ಚಾಗಿ ತೋರುವದು.

ಹಾಗಾದರೆ ತಿಳಿವಳಿಕೆಯೂ ಹೊಣೆಯೊಳಗೆ ಸೇರಿತೋ? ಇಲ್ಲಿ ನಾವು ನಿಂತು ಯೋಚಿಸಬೇಕಾಗಿದೆ. ಈ ದೋಣಿಯಲ್ಲಿ ಹಿಂದಿನ ಯಾರೋ ಒಬ್ಬರು ನಿಂತು ಗಾಳ ಹಾಕುವದಕ್ಕೆ ಅನುಕೂಲವಾಗಲೆಂದು ಮರದ ಹಲಗೆಗಳ ನೆಲ ಹಾಸಿದ್ದರು. ಮರವು ಕೊಳೆಯಬಾರದೆಂದು ಔಷಧ ಕುಡಿಸಿದ ಹಲಗೆಯನ್ನೇ ಹುಡುಕಿ ತಂದಿದ್ದರು. ನೋಡಿರಿ, ಎಷ್ಟು ಒಳ್ಳೆಯ ಉದ್ದೇಶ! ಆದರೆ ಅಮೆರಿಕದಲ್ಲಿ 2003ರ ಅಂತ್ಯಕ್ಕೆ, ಪಾಷಾಣ ಬೆರೆತ ಹಳೆಯ ಮರದೌಷಧವನ್ನು ಮನೆಬಳಕೆಯ ಹಲಗೆಗಳಿಗೆ ಹಾಕುವದನ್ನು ನಿಲ್ಲಿಸಿದರು. ಆ ಬಳಿಕ ಬಂದ ಔಷಧಗಳಲ್ಲಿ ತಾಮ್ರವು ಹೆಚ್ಚು. ತಾಮ್ರಕ್ಕೂ ಅಲ್ಯೂಮಿನಿಯಮಿಗೂ ನೀರು ಸೋಕಿದಾಗ ಆಗುವದಿಲ್ಲ. ಎರಡರ ನಡುವೆ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ ಅಲ್ಯೂಮಿನಿಯಮ್ ಸವೆಯುತ್ತದೆ. ಹುಣಿಸೇಹುಳಿಯ ಸಾರನ್ನು ಅಲ್ಯೂಮಿನಿಯಮ್ ಪಾತ್ರೆಯಲ್ಲಿ ರಾತ್ರಿಯಿಡೀ ಇಡಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ಹೇಳುತ್ತಾರಷ್ಟೆ. ಕಾರಣ ಬೇರೆಯಾದರೂ ಎಚ್ಚರಿಕೆ ಒಂದೇ ಜಾತಿಯದು. ಭಾವನವರು ಹಲಗೆ ಎತ್ತಿದಾಗ, ಅದು ತಾಕಿದ್ದ ಕಡೆಗಳಲ್ಲೆಲ್ಲಾ ತಗಡು ಸಿಡುಬಿನ ಕಲೆಯಂತೆ ಗುಳಿಬಿದ್ದು ಬಿಳಿಯ ಪುಡಿ ಏಳುತ್ತಿತ್ತು.

ಹಲಗೆ ಹಾಸಿದವನು ಕಳ್ಳನಲ್ಲ, ಸೋಮಾರಿಯೂ ಅಲ್ಲ. ತನ್ನ ಮಕ್ಕಳ ಕಾಲು ಜಾರದಿರಲೆಂದೇ ಹಾಸಿರಬಹುದು. ಹೃದಯ ಒಳ್ಳೆಯದಾಗಿದ್ದರೆ ಸಾಕು ಎಂಬವರಿಗೆ ನಾವು ಈ ಗುಳಿಗಳನ್ನು ತೋರಿಸಬಯಸುತ್ತೇವೆ. ಹಾಗೆಂದು ಅವನನ್ನು ಅಪರಾಧಿಯೆಂದು ಕರೆಯುವದಕ್ಕೂ ನಮಗೆ ಮನಸ್ಸು ಬಾರದು. ಕೇಳಿ ತಿಳಿಯುವದಕ್ಕೆ ಅವನಿಗೆ ಯಾರಿದ್ದರೋ ಇಲ್ಲವೋ. ನಮ್ಮ ಅಭಿಪ್ರಾಯವೇನಂದರೆ, ತನಗೆ ತಿಳಿಯದ ಕೆಲಸಕ್ಕೆ ಕೈ ಹಾಕುವವನು ತಿಳಿದವನನ್ನು ಕೇಳುವ ಸಾಲವನ್ನು ಆ ಕ್ಷಣದಲ್ಲಿಯೇ ಹೊತ್ತುಕೊಳ್ಳುತ್ತಾನೆ. ಕೇಳಿದ ಮೇಲೂ ತಪ್ಪಾದರೆ ಅದು ದುರದೃಷ್ಟ. ಕೇಳದೆ ತಪ್ಪಾದರೆ ಬರೇ ದುರದೃಷ್ಟವೆನ್ನಲಾಗದು.

ಇನ್ನು ಮಾರಿದವನ ಮಾತು. ದೋಣಿಯ ಹಿಂದೆ ಇಂಜಿನನ್ನು ತೂಗಹಾಕುವ ಅಡ್ಡಗೋಡೆಯೊಂದಿರುತ್ತದೆ. ಅಲ್ಲಿಯವರು ಅದಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ಕಾಣುವದು ತಗಡೇ ಆದರೂ ಒಳಗೆ ಬಲಕ್ಕಾಗಿ ಪ್ಲೈವುಡ್ ಹಲಗೆ ಇರುತ್ತದೆ. ಮೊಳೆಯ ಸಂದುಗಳಿಂದ ನೀರು ಇಳಿದು ಆ ಹಲಗೆಯು ಕೊಳೆತರೂ ಹೊರಗಿನಿಂದ ಏನೂ ತಿಳಿಯದು. ಭಾವನವರು ಮೇಲಿನ ಮುಚ್ಚಳವನ್ನು ಕಳಚಿ ಉಳಿಯಿಂದ ಚುಚ್ಚಿದಾಗ ಒಳಗಿನ ಮರವು ನೆನೆದ ಅವಲಕ್ಕಿಯಂತೆ ಬೆರಳಿಗೆ ಬಂತು. ಆ ಗೋಡೆಗೆ ಇಂಜಿನು ಕಟ್ಟಿ ನಡುಕೆರೆಗೆ ಹೋಗಿದ್ದರೆ ಇಂಜಿನು ಗೋಡೆಯೊಂದಿಗೇ ಕಿತ್ತುಹೋಗುವದಕ್ಕೆ ಒಂದು ದೊಡ್ಡ ಅಲೆ ಸಾಕಾಗಿತ್ತು. ಹಸುರು ಬಣ್ಣವು ಅಲ್ಲಿಯೇ ಎಲ್ಲಕ್ಕಿಂತ ದಪ್ಪವಾಗಿತ್ತು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಮಾಡಿದವರು ದೋಣಿ ಮಾರುವವರನ್ನು ಕಂಡಿದ್ದರೋ ಏನೋ.

ಮಾರಿದವನಿಗೆ ಗೊತ್ತಿತ್ತೋ? ಗೊತ್ತಿದ್ದೇ ಬಣ್ಣ ಹೊಡೆದನೋ, ಚಂದ ಕಾಣಲೆಂದು ಹೊಡೆದನೋ? ಭಾವನವರು ಇಂದಿಗೂ ಹೇಳಲಾರರು. ಸಂತೆಯಲ್ಲಿ ಎಮ್ಮೆ ಮಾರುವವನು ಅದರ ಒದೆಯುವ ಗುಣವನ್ನು ತಾನಾಗಿ ಹೇಳಬೇಕೋ, ಕೊಳ್ಳುವವನು ಕೇಳಿದರೆ ಮಾತ್ರ ಹೇಳಬೇಕೋ ಎಂಬ ವಾದ ನಮ್ಮ ಊರುಗಳಲ್ಲಿಯೂ ಉಂಟು. ಕೊಳ್ಳುವವನಿಗೆ ಕಣ್ಣಿಲ್ಲವೇ ಅನ್ನುವರು. ನಮಗೆ ತೋರುವದೇನಂದರೆ, ಕಣ್ಣಿಗೆ ಕಾಣುವ ದೋಷದ ವಿಷಯದಲ್ಲಿ ಈ ಮಾತು ನಡೆಯಬಹುದು. ಆದರೆ ಕೊಳ್ಳುವವನ ಕಣ್ಣನ್ನು ತಡೆಯುವದಕ್ಕೆ ತಾನೇ ಬಣ್ಣ ಹೊಡೆದವನು “ನೋಡಿಕೊಳ್ಳಬೇಕಾಗಿತ್ತು” ಅನ್ನುವ ಅಧಿಕಾರವನ್ನು ಕಳಕೊಂಡನು. ಎಮ್ಮೆಯ ಒದೆತದಿಂದ ಹಾಲು ಚೆಲ್ಲುತ್ತದೆ. ಇಲ್ಲಿ ಚೆಲ್ಲುವದು ಹಾಲಲ್ಲ.

ಆದರೆ ಇಷ್ಟು ಹೇಳಿದ ಮೇಲೆ ಭಾವನವರ ಕಡೆಗೂ ತಿರುಗಬೇಕು. ಕೊಳೆತದ್ದನ್ನು ಕಂಡ ಮೇಲೆ ಅವರು ಅದನ್ನು ಹಾಗೆಯೇ ಮುಚ್ಚಿ ಇನ್ನೊಬ್ಬನಿಗೆ ದಾಟಿಸಬಹುದಾಗಿತ್ತು. ಗೆಳೆಯನೊಬ್ಬನು ಅದೇ ಬುದ್ಧಿ ಹೇಳಿದನಂತೆ. ನನಗೆ ಮೋಸವಾಯಿತು, ಆದದರಿಂದ ನಾನೂ ದಾಟಿಸುವೆನು ಎಂಬ ನ್ಯಾಯ ನಡೆದರೆ ಆ ದೋಣಿಯು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾ, ಎಲ್ಲರಿಗಿಂತ ಕಡಿಮೆ ತಿಳಿದವನ ಕೈಯಲ್ಲಿ ಮುಳುಗುವದು. ಭಾವನವರು ಹಾಗೆ ಮಾಡಲಿಲ್ಲ. ಕೊಳೆತದ್ದನ್ನು ಕೆರೆದು ತೆಗೆದು, ಅದೇ ಅಳತೆಗೆ ಹೊಸ ಪ್ಲೈವುಡ್ ಕೊಯ್ದು, ಅಂಚುಗಳಿಗೂ ತೂತುಗಳಿಗೂ ನೀರು ಇಳಿಯದ ಹಾಗೆ ಎಪಾಕ್ಸಿ ರಾಳವನ್ನು ಕುಡಿಸಿ, ತುಕ್ಕು ಹಿಡಿಯದ ಉಕ್ಕಿನ ಬೋಲ್ಟುಗಳನ್ನು ಹಾಕಿದರು. ಆಸನಗಳ ಒಳಗೆ ಮುಳುಗದಂತೆ ತುಂಬಿದ್ದ ಫೋಮು ನೀರು ಕುಡಿದು ಭಾರವಾಗಿತ್ತು. ಕಾಪಾಡುವದಕ್ಕೆ ಇಟ್ಟದ್ದೇ ಹೊರೆಯಾಗಿತ್ತು. ಅದನ್ನೂ ಬದಲಾಯಿಸಿದರು. ಇದೆಲ್ಲಕ್ಕೂ ಆದ ಖರ್ಚು ದೋಣಿಯ ಕ್ರಯಕ್ಕಿಂತ ಹೆಚ್ಚು.

ಇಷ್ಟು ಖರ್ಚು ಮಾಡಿ ಹಳೆಯದನ್ನು ಉಳಿಸುವದು ಮಿತವ್ಯಯವೋ, ಹಟವೋ ಎಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆಯೇ. ಅಲ್ಯೂಮಿನಿಯಮನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಅದಿರಿನಿಂದ ಹೊಸ ಲೋಹ ತೆಗೆಯುವದಕ್ಕೆ ತಗಲುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 5 ಪಾಲು ಮಾತ್ರ ಇದಕ್ಕೆ ಸಾಕು. ಆದದರಿಂದ ಗುಜರಿಗೆ ಹಾಕಿದ ದೋಣಿಯು ವ್ಯರ್ಥವಾಯಿತೆಂದು ಹೇಳಲಾಗದು. ತಗಡು ಎಲ್ಲೆಡೆಯಲ್ಲಿ ಸೀಳಿದ್ದರೆ ಕರಗಿಸುವದೇ ಸರಿಯೆಂದು ನಾವೂ ಹೇಳುತ್ತಿದ್ದೆವು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವದನ್ನೂ ಪೂಜಿಸಬೇಕಾಗಿಲ್ಲ.

ಮೊಳೆಗಳು ಹೊಸವು, ಗೋಡೆ ಹೊಸದು, ಬಣ್ಣ ಹೊಸದು. ಹಾಗಾದರೆ ಇದು ಅದೇ ದೋಣಿಯೋ ಎಂದು ಭಾವನವರ ಮಗಳು ಕೇಳಿದಳಂತೆ. ಈ ಪ್ರಶ್ನೆಗೆ ವಯಸ್ಸಾಗಿದೆ. ಗ್ರೀಕ್ ದೇಶದ ಥೀಸಿಯಸನ ಹಡಗನ್ನು ಅಥೇನೆಯವರು ಹಲಗೆ ಹಲಗೆಯಾಗಿ ಬದಲಾಯಿಸುತ್ತಾ ಇಟ್ಟುಕೊಂಡದ್ದನ್ನೂ, ಅದರ ಕುರಿತು ತತ್ವಜ್ಞಾನಿಗಳು ವಾದಿಸಿದ್ದನ್ನೂ ಪ್ಲೂಟಾರ್ಕನು ಬರೆದಿಟ್ಟಿದ್ದಾನೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಹಾಬ್ಸ್ ಎಂಬವನು, ತೆಗೆದುಹಾಕಿದ ಹಳೆಯ ಹಲಗೆಗಳನ್ನು ಒಬ್ಬನು ಕೂಡಿಸಿ ಇನ್ನೊಂದು ಹಡಗು ಕಟ್ಟಿದರೆ ಯಾವದು ನಿಜವಾದದ್ದು ಎಂದು ಇನ್ನೂ ಗಂಟು ಹಾಕಿದನು. ಸೆಮಿನರಿಯಲ್ಲಿ ಈ ವಾದದ ಮೇಲೆ ನಾವು ಅರ್ಧ ರಾತ್ರಿ ಕಳೆದದ್ದುಂಟು. ಈಗ ನಮಗೆ ಅದರಲ್ಲಿ ಮೊದಲಿನ ರುಚಿ ಇಲ್ಲ. ದೋಣಿಯ ಹೆಸರು ಒಂದೇ ಆಗಿರಲಿ ಬೇರೆಯಾಗಿರಲಿ, ಅದರೊಳಗೆ ಕಾಲಿಡುವ ಮಗುವಿಗೆ ಬೇಕಾದದ್ದು ಬೇರೆ ಸಂಗತಿ. ಹೊಸ ಹಲಗೆಯಿಟ್ಟವನು ಯಾರು, ಅವನು ಇಟ್ಟದ್ದು ನಿಲ್ಲುವದೋ ಎಂಬದೇ ಅದಕ್ಕೆ ಮುಖ್ಯ.

ಕಡೆಗೆ, ನಮ್ಮನ್ನೇ ತಲೆ ತಗ್ಗಿಸುವ ಹಾಗೆ ಮಾಡಿದ ಸಂಗತಿಯನ್ನು ಹೇಳಬೇಕು. ಅಮೆರಿಕದಲ್ಲಿ 1971ರ ದೋಣಿ ಸುರಕ್ಷತೆಯ ಶಾಸನದ ಮೇರೆಗೆ, 1972ರ ನವೆಂಬರದಿಂದೀಚೆಗೆ ಮಾಡಿದ 20 ಅಡಿಗೆ ಕಡಿಮೆಯಾದ ಇಂಥ ದೋಣಿಗಳ ಮೇಲೆ ಎಷ್ಟು ಜನ, ಎಷ್ಟು ಭಾರ ಎಂಬದನ್ನು ಬರೆದ ಪಟ್ಟಿ ಇರಬೇಕು. ಭಾವನವರದು ಅದಕ್ಕೂ ಹತ್ತು ವರುಷ ಹಿಂದಿನದು. ಪಟ್ಟಿ ಇಲ್ಲದ ದೋಣಿಗೆ ಒಂದು ಲೆಕ್ಕವನ್ನು ಹೇಳುತ್ತಾರೆ: ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಬೇಕು; ಅದೂ ಶಾಂತವಾದ ಹವೆಯಲ್ಲಿ. ಉದ್ದ 14, ಅಗಲ 4.75, ಗುಣಿಸಿದರೆ 66.5, ಭಾಗಿಸಿದರೆ 4.43. ಅಂದರೆ ನಾಲ್ವರು.

ಆ ಬೇಸಿಗೆಯಲ್ಲಿ ನಮ್ಮ ಮಾವನವರು ಊರಿನಿಂದ ಮಗನಲ್ಲಿಗೆ ಹೋಗಿದ್ದರು. ವಯಸ್ಸು ಎಪ್ಪತ್ತೆಂಟು; ಇನ್ನೊಂದು ಸಾರಿ ಹೋಗುವ ಆಶೆ ಇಲ್ಲ. ದೋಣಿ ಇಳಿಸುವ ದಿನ ಮನೆಯಲ್ಲಿ ಐವರು. ಭಾವನವರು ಹಿಂದಿನ ಸಂಜೆ ನಮಗೆ ಫೋನು ಮಾಡಿ, ಯಾರನ್ನು ದಡದಲ್ಲಿ ಬಿಡುವದು ಎಂದು ಸಂಕಟದಿಂದ ಕೇಳಿದರು. ನಾವು ಏನಂದೆವು ಗೊತ್ತೇ? “ಹುಡುಗನು ಒಂಭತ್ತು ವರುಷದವನು. ಆ ಉಳಿದ .43 ಅವನಿಗೆ ಸಾಲದೇ ಭಾವ?” ಎಂದು ನಕ್ಕೆವು. ಕಡವಿನಲ್ಲಿ ಹತ್ತು ಜನರ ದೋಣಿಗೆ ಹದಿನೈದು ಜನ ಹತ್ತುವದನ್ನು ನೋಡುತ್ತಲೇ ಬೆಳೆದವರು ನಾವು. ಯಾರೂ ಬರೆಯದ ಅಂಕೆಯನ್ನು ಮೀರುವದು ತಪ್ಪೆಂದು ಆ ಕ್ಷಣದಲ್ಲಿ ನಮಗೆ ತೋಚಲೇ ಇಲ್ಲ. ಶಾಸನವು ಸುಮ್ಮನಿರುವಲ್ಲಿ ಮನಸ್ಸಾಕ್ಷಿಯೂ ಸುಮ್ಮನಿರಬಹುದೆಂದು ಯಾರಾದರೂ ನಮ್ಮೆದುರಿಗೆ ವಾದಿಸಿದ್ದರೆ ನಾವು ಅವನನ್ನು ಖಂಡಿಸುತ್ತಿದ್ದೆವು. ಆದರೆ ಬಾಯಿಂದ ಬಂದದ್ದು ಅದೇ.

ಭಾವನವರು ನಗಲಿಲ್ಲ. ಮಾವನವರು ಫೋನನ್ನು ತಾವು ತೆಗೆದುಕೊಂಡು, “ಆ ದೋಣಿಯನ್ನು ನಾಳೆ ಮೊದಲು ಮುಳುಗಿಸುವೆವು. ಜನರನ್ನು ಹತ್ತಿಸುವ ಮಾತು ಆಮೇಲೆ” ಅಂದರು. ಹಾಗೆಯೇ ಮಾಡಿದರು. ಮೊಣಕಾಲು ನೀರಿನಲ್ಲಿ ಇಂಜಿನಿಲ್ಲದೆ ದೋಣಿಯನ್ನು ನಿಲ್ಲಿಸಿ, ಬಕೆಟಿನಿಂದ ನೀರು ತುಂಬಿಸಿ, ಅಂಚಿನ ವರೆಗೆ ತುಂಬಿದರೂ ಅದು ತೇಲುವದೋ ಎಂದು ನೋಡಿದರು. ತೇಲಿತು. ಮಾವನವರು ಅದರ ಅಂಚನ್ನು ಎರಡು ಕೈಗಳಿಂದ ಒತ್ತಿ ಹಿಡಿದು ಬಹಳ ಹೊತ್ತು ನಿಂತಿದ್ದರಂತೆ. ನೀರು ಖಾಲಿ ಮಾಡಿದ ಮೇಲೆ ಲೈಫ್ ಜಾಕೆಟ್ ತೊಟ್ಟುಕೊಂಡು ಮೊದಲು ತಾವು, ಮಗ, ಮೊಮ್ಮಗಳು ಹೋದರು. ಹುಡುಗನು ತಾಯಿಯೊಂದಿಗೆ ದಡದಲ್ಲಿ ಅಳುತ್ತಾ ಕೂತು ಎರಡನೆಯ ಸುತ್ತಿಗೆ ಕಾದನು. ಐವರೂ ಕೂಡಿ ತೆಗೆಸಿಕೊಂಡ ಚಿತ್ರವು ದಡದ್ದೇ. ಒಟ್ಟಾಗಿ ದೋಣಿಯಲ್ಲಿ ಕೂತದ್ದಿಲ್ಲ.

ಮಾವನವರು ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಐವರೂ ಒಟ್ಟಿಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಭಾವನವರ ಮನಸ್ಸಿಗೆ ಆ ಒಂದು ಕೊರತೆ ಇದ್ದೇ ಇದೆ. ನಾಲ್ಕು ಎಂಬ ಅಂಕೆಯನ್ನು ಕಾದದ್ದಕ್ಕೆ ಅವರು ಕೊಟ್ಟ ಬೆಲೆ ಅದು. ಅದು ಸಣ್ಣದೆಂದು ನಾವು ಹೇಳಲಾರೆವು.

ಚಳಿಗಾಲಕ್ಕೆ ದೋಣಿಯನ್ನು ಬೋರಲು ಹಾಕುವ ಮುಂಚೆ ಅವರು ಮತ್ತೊಮ್ಮೆ ಒಳಗೆ ನೀರು ತುಂಬಿಸಿ ನೋಡಿದರು. ಇಪ್ಪತ್ತಮೂರರಲ್ಲಿ ಒಂದು ಮೊಳೆ ಇನ್ನೂ ಹನಿಯುತ್ತಿದೆ. ಹಿಂದಿನ ಆಸನದ ಬದಿಯಲ್ಲಿ ಕಪ್ಪು ಬಣ್ಣದಿಂದ ಹೀಗೆ ಬರೆದಿದ್ದಾರೆ: ನಾಲ್ವರು ಮಾತ್ರ, ಹಿಂಗೋಡೆಯ ಮರ ಬದಲಾಯಿಸಿದ ವರುಷ ಇಂಥದ್ದು, ಎಡಗಡೆಯ ಮೂರನೆಯ ಪಕ್ಕೆಯ ಹತ್ತಿರ ತೇಪೆ ಇದೆ, ಐದನೆಯ ಮೊಳೆ ಸೋರುತ್ತದೆ. ಅದರ ಕೆಳಗೆ, ಮುಂದೆ ಬಣ್ಣ ಹೊಡೆಯುವವರು ಈ ಬರಹವನ್ನು ಬಿಟ್ಟು ಹೊಡೆಯಬೇಕೆಂದು ಮಗಳು ಇನ್ನೊಂದು ಸಾಲು ಸೇರಿಸಿದ್ದಾಳಂತೆ.